ಲಿನಕ್ಸ್‌ನಲ್ಲಿ ಅಕ್ಷರ ಮಸುಕಾಗಿದೆಯೇ? ಫಾಂಟ್ ಬದಲಿಸುವ ಮೊದಲು ಇಷ್ಟು ಮಾಡಿ

ಲಿನಕ್ಸ್ ಹಾಕಿದ ಹೊಸದರಲ್ಲಿ ಅಕ್ಷರಗಳು ಮಸುಕಾಗಿಯೋ ಸೊರಗಿದಂತೆಯೋ ಕಂಡರೆ ಸಾಮಾನ್ಯವಾಗಿ ಎಲ್ಲರೂ ಫಾಂಟ್ ಬದಲಿಸಲು ಓಡುತ್ತಾರೆ. ಪಾಪ, ಫಾಂಟ್‌ನದು ತಪ್ಪಿರುವುದು ಕಡಿಮೆ. ಅಕ್ಷರವನ್ನು ಪರದೆಯ ಮೇಲೆ ಬಿಡಿಸುವುದು ಫ್ರೀಟೈಪ್ ಎಂಬ ತಂತ್ರಾಂಶ, ಹೇಗೆ ಬಿಡಿಸಬೇಕು ಅಂತ ಅದಕ್ಕೆ ಹೇಳುವ ಫೈಲುಗಳು ಫಾಂಟ್‌ಕಾನ್ಫಿಗ್ ಎಂಬ ಇನ್ನೊಂದು ತಂತ್ರಾಂಶದವು.

ಮೊದಲು ಸ್ಕೇಲಿಂಗ್, ಅಂದರೆ ಪರದೆಯ ಮೇಲಿನದ್ದನ್ನೆಲ್ಲ ಎಷ್ಟು ಹಿಗ್ಗಿಸಿ ತೋರಿಸುತ್ತಿದೆ ಅಂತ, ನೋಡಿ. ಅದು ಶೇ 125 ಅಥವಾ 150 ಇದ್ದು ಕೆಲವೇ ಆ್ಯಪ್‌ಗಳು ಮಸುಕಾಗಿದ್ದರೆ, ಅವು ಎಕ್ಸ್11 ಎಂಬ ಹಳೇ ಪರದೆ ವ್ಯವಸ್ಥೆಗೆ ಬರೆದ ಆ್ಯಪ್‌ಗಳಿರಬಹುದು. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಅಂಥವುಗಳ ಚಿತ್ರವನ್ನೇ ಹಿಗ್ಗಿಸಿ ತೋರಿಸುವುದುಂಟು. ಶೇ 100ಕ್ಕೆ ಇಟ್ಟಾಗ ಮಸುಕು ಹೋದರೆ ಮುಂದೆ ಹೇಳುವ ಹಿಂಟಿಂಗ್ ಮುಟ್ಟುವುದೇ ಬೇಡ.

ಹೋಗಲಿಲ್ಲವೇ? ನಿಮ್ಮ ಡೆಸ್ಕ್‌ಟಾಪ್ ಕೆಡಿಇ ಆಗಿದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ತೆರೆಯಿರಿ. ಗ್ನೋಮ್‌ನಲ್ಲಾದರೆ ಟ್ವೀಕ್ಸ್ ಅನ್ನುವ ಆ್ಯಪ್ ಬೇಕು.

ಈಗ ಹಿಂಟಿಂಗ್. ಅಕ್ಷರದ ಅಡ್ಡಗೆರೆ ಎರಡು ಪಿಕ್ಸೆಲ್ ಸಾಲುಗಳ ನಡುವೆ ಬಿದ್ದರೆ ಎರಡೂ ಸಾಲು ಬೂದು ಆಗಿ, ಗೆರೆ ದಪ್ಪಗೆ, ಪೇಲವವಾಗಿ ಕಾಣುತ್ತದೆ. ಹಿಂಟಿಂಗ್ ಅದನ್ನು ಒಂದು ಸಾಲಿಗೆ ಸರಿಸಿ ಕೂರಿಸುತ್ತದೆ. 'ಸ್ಲೈಟ್' ಇಟ್ಟರೆ ಈ ಸರಿಸುವಿಕೆ ಮೇಲೆ-ಕೆಳಗೆ ಮಾತ್ರ, ಅಕ್ಷರದ ಅಗಲ ಹಾಗೇ ಉಳಿಯುತ್ತದೆ, ಅದಕ್ಕೇ ನನ್ನ ಓಟು ಇದಕ್ಕೆ. 'ಫುಲ್' ಕೆಲವು ಫಾಂಟ್‌ಗಳ ಆಕಾರವನ್ನೇ ಕೆಡಿಸುತ್ತದೆ. ಪಿಕ್ಸೆಲ್ ಒತ್ತಾಗಿರುವ 4ಕೆ ಲ್ಯಾಪ್‌ಟಾಪ್ ಪರದೆಯಲ್ಲಿ 'ನನ್' (ಹಿಂಟಿಂಗ್ ಬೇಡ) ಇಟ್ಟರೂ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಪಕ್ಕದಲ್ಲೇ ಅಕ್ಷರದ ಅಂಚು ನುಣುಪು ಮಾಡುವ ಆ್ಯಂಟಿ-ಅಲಿಯಾಸಿಂಗ್ ಇರುತ್ತದೆ. 'ಸಬ್‌ಪಿಕ್ಸೆಲ್' ಆರಿಸಿದರೆ ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಂಚು ಚೂಪು ಮಾಡುತ್ತದೆ. ಸಾಧಾರಣ ಎಲ್‌ಸಿಡಿಗೆ ಚೆನ್ನ. ಮಾನಿಟರ್ ತಿರುಗಿಸಿ ನಿಲ್ಲಿಸಿದ್ದರೆ ಅಥವಾ ಒಎಲ್‌ಇಡಿ ಆಗಿದ್ದರೆ ಪಟ್ಟಿಗಳ ಜೋಡಣೆಯೇ ಬೇರೆ ಇರಬಹುದು, ಆಗ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಅಲ್ಲಿ ಬರೀ ಬೂದು ಛಾಯೆ ಬಳಸುವ 'ಗ್ರೇಸ್ಕೇಲ್' ವಾಸಿ. ಅಂದಹಾಗೆ, ಜಿಟಿಕೆ4 ಎಂಬ ಟೂಲ್‌ಕಿಟ್ ಬಳಸಿ ಮಾಡಿದ ಆ್ಯಪ್‌ಗಳು ಸಬ್‌ಪಿಕ್ಸೆಲ್ ಬಳಸುವುದೇ ಇಲ್ಲ, ಒಂದೇ ಡೆಸ್ಕ್‌ಟಾಪ್‌ನಲ್ಲಿ ಎರಡು ಥರ ಅಕ್ಷರ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಆ್ಯಪ್ ಮುಚ್ಚಿ ತೆರೆಯಿರಿ. ಸ್ಕ್ರೀನ್‌ಶಾಟ್ ತೆಗೆದು, ಪಿಕ್ಸೆಲ್‌ಗಳು ಚೌಕ ಚೌಕವಾಗಿ ಕಾಣುವ ತನಕ ಹಿಗ್ಗಿಸಿ. ಕಪ್ಪು ಅಕ್ಷರದ ಅಂಚಿನಲ್ಲಿ ಕೆಂಪು-ನೀಲಿ ಇದ್ದರೆ ಸಬ್‌ಪಿಕ್ಸೆಲ್, ಬರೀ ಬೂದು ಇದ್ದರೆ ಗ್ರೇಸ್ಕೇಲ್.

ಏನು ಬದಲಿಸಿದರೂ ಜಗ್ಗಲಿಲ್ಲ ಅಂದರೆ, ಹಿಂದೆಂದೋ ಎಲ್ಲಿಂದಲೋ ನಕಲು ಮಾಡಿದ ಫಾಂಟ್‌ಕಾನ್ಫಿಗ್ ಫೈಲು ನಿಮ್ಮ ಹೋಮ್ ಫೋಲ್ಡರಿನ ಅಡಗಿಸಿಟ್ಟ ಕಾನ್ಫಿಗ್ ಫೋಲ್ಡರಿನಲ್ಲಿ ಕೂತಿರಬಹುದು. ಅಳಿಸಬೇಡಿ, ಹೆಸರು ಬದಲಿಸಿ, ಲಾಗ್‌ಔಟ್ ಆಗಿ ಮತ್ತೆ ಬಂದು ನೋಡಿ.