‘ಲುಕ್’ ಗೊತ್ತು, ‘ಆಫ್ಟರ್’ ಗೊತ್ತು. ‘ಲುಕ್ ಆಫ್ಟರ್’ ಬಾಯಿಗೆ ಬರುವುದು ಹೇಗೆ?

“ಅಮ್ಮನಿಗೆ ಹುಷಾರಿಲ್ಲ, ನಾನೇ ನೋಡ್ಕೊಳ್ತಿದ್ದೀನಿ.” ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದಾಗ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿ ‘ಮೈ ಮದರ್ ಈಸ್ ನಾಟ್ ವೆಲ್’ ಎನ್ನುವವರೆಗೆ ಸರಾಗವಾಗಿ ಬಂದು ಅಲ್ಲಿಗೆ ನಿಂತುಬಿಡುತ್ತಾರೆ. ‘ಸೀಯಿಂಗ್’ ಅಂದರೆ ಸರಿಯಲ್ಲ ಎಂದು ಮನಸ್ಸಿಗೆ ಗೊತ್ತು. ‘ವಾಚಿಂಗ್’ ಅಂದರೂ ಒಗ್ಗುವುದಿಲ್ಲ. ಬೇಕಿರುವುದು ‘ಐ ಆಮ್ ಲುಕಿಂಗ್ ಆಫ್ಟರ್ ಹರ್’. ಲುಕ್, ಆಫ್ಟರ್ ಎರಡೂ ಶಾಲೆಯ ಮೊದಲ ವರ್ಷಗಳಲ್ಲೇ ಕಲಿತ ಪದಗಳು. ಇವೆರಡೂ ಸೇರಿದರೆ ‘ನೋಡಿಕೊಳ್ಳು’ ಎಂದಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

ಈ ತೊಡಕು ಹಳೆಯದು. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕ್ರಿಯಾಪದದ ಬೆನ್ನಿಗೆ ಪುಟ್ಟ ಪದವೊಂದನ್ನು ಹಚ್ಚಿ ಅರ್ಥವನ್ನೇ ಬದಲಿಸುವ ಈ ರೂಢಿ ಹೊರಗಿನವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ ಎಂಬುದು ಅವರ ಮಾತಿನ ಸಾರ. ಇಂದಿನ ವ್ಯಾಕರಣ ಪುಸ್ತಕಗಳು ಇವನ್ನು ಫ್ರೇಸಲ್ ವರ್ಬ್ ಎಂದು ಕರೆಯುತ್ತವೆ.

ಆದರೆ ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ‘ಹೇಳು’ ಅಂದರೆ ಒಂದು ಅರ್ಥ, ‘ಹೇಳಿಕೊಡು’ ಅಂದರೆ ಪಾಠ ಮಾಡುವುದು. ಸಾಲ ‘ತೀರಿತು’ ಅಂದರೆ ನೆಮ್ಮದಿ, ಅಜ್ಜ ‘ತೀರಿಕೊಂಡರು’ ಅಂದರೆ ಸಾವು. ನೋಡು, ನೋಡಿಕೊಳ್ಳು ಎಂಬ ಜೋಡಿಯಂತೂ ಇಂಗ್ಲಿಷಿನ ಲುಕ್, ಲುಕ್ ಆಫ್ಟರ್ ಜೋಡಿಗೆ ಸರಿಸಾಟಿ. ಇವುಗಳ ಅರ್ಥವನ್ನು ನಾವು ಬಿಡಿಸಿ ಕೂಡಿಸಿ ಕಲಿತವರಲ್ಲ, ಇಡಿಯಾಗಿ ಮಾತಿನಲ್ಲೇ ಕಲಿತವರು. ಇಂಗ್ಲಿಷನ್ನೂ ಅದೇ ದಾರಿಯಲ್ಲಿ ಕಲಿಯಬಹುದು ಎಂಬುದು ಈ ಲೇಖನದ ನಂಬಿಕೆ.

ಮೊದಲ ಹೆಜ್ಜೆ: ನಿಮ್ಮ ಮನೆಯ ಮಾತನ್ನೇ ಬರೆದುಕೊಳ್ಳಿ

ಅಂಗಡಿಯಲ್ಲಿ ಸಿಗುವ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲಿ ನೂರಾರು ಪದಗುಚ್ಛಗಳು ವರ್ಣಮಾಲೆಯ ಕ್ರಮದಲ್ಲಿ ಸಾಲಾಗಿ ನಿಂತಿರುತ್ತವೆ. ಆ ಪಟ್ಟಿಯನ್ನು ಬಾಯಿಪಾಠ ಮಾಡುವುದು ಬೇಡ. ಅದು ಬೇರೆ ಯಾರದೋ ಬದುಕಿನ ಪಟ್ಟಿ. ಒಂದು ನೋಟ್‌ಬುಕ್ ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ನೀವು ಆಡಿದ ಕನ್ನಡ ಮಾತುಗಳಲ್ಲಿ ನಾಲ್ಕೈದನ್ನು ಆಡಿದ ಹಾಗೆಯೇ ಬರೆಯಿರಿ. ಎದುರಿಗೆ ಇಂಗ್ಲಿಷ್ ವಾಕ್ಯ ಹುಡುಕಿ ಹಾಕಿ.

“ಐದಕ್ಕೇ ಎಚ್ಚರವಾಯ್ತು, ಎದ್ದಿದ್ದು ಮಾತ್ರ ಆರಕ್ಕೆ.” ಇದು ‘ಐ ವೋಕ್ ಅಪ್ ಅಟ್ ಫೈವ್, ಬಟ್ ಐ ಗಾಟ್ ಅಪ್ ಅಟ್ ಸಿಕ್ಸ್’. ವೇಕ್ ಅಪ್ ಎಚ್ಚರವಾಗುವುದು, ಗೆಟ್ ಅಪ್ ಹಾಸಿಗೆ ಬಿಟ್ಟು ಏಳುವುದು. ಕನ್ನಡದಲ್ಲಿ ಈ ಎರಡನ್ನೂ ಬೆರೆಸದ ನಾವು ಇಂಗ್ಲಿಷಿನಲ್ಲಿ ಬೆರೆಸಬೇಕಾದ ಕಾರಣವೇ ಇಲ್ಲ. “ಹಾಲು ಉಕ್ಕಿ ಹೋಯ್ತು” ಅಂದರೆ ‘ದ ಮಿಲ್ಕ್ ಬಾಯ್ಲ್ಡ್ ಓವರ್’. “ದಾರೀಲಿ ಬಸ್ ಕೆಟ್ಟು ನಿಂತಿತು” ಅಂದರೆ ‘ದ ಬಸ್ ಬ್ರೋಕ್ ಡೌನ್ ಆನ್ ದ ವೇ’.

“ಗ್ಯಾಸ್ ಮುಗಿದುಹೋಗಿದೆ” ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ಮುಗಿಯುವುದು ಗ್ಯಾಸು, ನಾವಲ್ಲ. ಇಂಗ್ಲಿಷಿನಲ್ಲಿ ‘ದ ಗ್ಯಾಸ್ ಹ್ಯಾಸ್ ರನ್ ಔಟ್’ ಎನ್ನಬಹುದು, ಆದರೆ ಮನೆಮಂದಿ ಸಾಮಾನ್ಯವಾಗಿ ತಮ್ಮನ್ನೇ ಮುಂದಿಟ್ಟುಕೊಂಡು ‘ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್’ ಎನ್ನುತ್ತಾರೆ. ವಸ್ತು ಮೊದಲು ಬಂದರೆ ‘ಆಫ್’ ಬೇಡ, ಜನ ಮೊದಲು ಬಂದರೆ ‘ಆಫ್’ ಬೇಕೇ ಬೇಕು. ಸಕ್ಕರೆ, ಚೇಂಜ್, ಸಮಯ, ತಾಳ್ಮೆ, ಯಾವುದು ಮುಗಿದರೂ ಇದೇ ಅಚ್ಚು. ಒಂದು ವಾಕ್ಯ ಗಟ್ಟಿಯಾದರೆ ಹತ್ತು ವಾಕ್ಯ ಕೈಗೆ ಬಂದವು.

ಎರಡನೆಯದು: ಬಿಡಿ ಪದ ಬೇಡ, ಇಡೀ ವಾಕ್ಯ ಬರೆಯಿರಿ

ನೋಟ್‌ಬುಕ್ಕಿನಲ್ಲಿ ‘ಪಿಕ್ ಅಪ್ = ಕರೆದುಕೊಂಡು ಬರುವುದು’ ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ‘ಅವಳನ್ನು’ ಎಂಬ ಪದವನ್ನು ಎಲ್ಲಿ ಕೂರಿಸಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ. ಎಲ್ಲರೂ ಎಡವುವುದು ಅಲ್ಲೇ.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಇರುವುದರಿಂದ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ. “ಅವಳನ್ನ ನಾನು ಕರ್ಕೊಂಡ್ ಬರ್ತೀನಿ”, “ನಾನು ಕರ್ಕೊಂಡ್ ಬರ್ತೀನಿ ಅವಳನ್ನ”, ಎರಡೂ ನಡೆಯುತ್ತವೆ. ಇಂಗ್ಲಿಷಿನಲ್ಲಿ ಜಾಗವೇ ಪ್ರತ್ಯಯದ ಕೆಲಸ ಮಾಡುತ್ತದೆ. ‘ಐ ವಿಲ್ ಪಿಕ್ ಅಪ್ ಮೈ ಡಾಟರ್’ ಸರಿ. ‘ಐ ವಿಲ್ ಪಿಕ್ ಮೈ ಡಾಟರ್ ಅಪ್’ ಕೂಡ ಸರಿ. ಮಗಳ ಬದಲು ‘ಹರ್’ ಎಂಬ ಸರ್ವನಾಮ ಬಂತೋ, ಅದು ನಡುವೆಯೇ ಕೂರಬೇಕು: ‘ಐ ವಿಲ್ ಪಿಕ್ ಹರ್ ಅಪ್’. ‘ಪಿಕ್ ಅಪ್ ಹರ್’ ಎಂದು ಇಂಗ್ಲಿಷಿನವರು ಹೇಳುವುದೇ ಇಲ್ಲ. ‘ಪುಟ್ ಇಟ್ ಆಫ್’, ‘ಟರ್ನ್ ಇಟ್ ಡೌನ್’, ‘ಫಿಲ್ ಇಟ್ ಇನ್’, ‘ಟ್ರೈ ದೆಮ್ ಆನ್’, ಎಲ್ಲವೂ ಇದೇ ಬಗೆ.

ಲುಕ್ ಆಫ್ಟರ್ ಮಾತ್ರ ಈ ಗುಂಪಿಗೆ ಸೇರಿದ್ದಲ್ಲ. ಅದರ ನಡುವೆ ಯಾರನ್ನೂ ತೂರಿಸುವಂತಿಲ್ಲ. ‘ಲುಕ್ ಹರ್ ಆಫ್ಟರ್’ ಎಂಬುದಿಲ್ಲ, ‘ಲುಕ್ ಆಫ್ಟರ್ ಹರ್’ ಒಂದೇ. ‘ಲುಕ್ ಫಾರ್ ಇಟ್’, ‘ಗೆಟ್ ಆನ್ ದ ಬಸ್’, ‘ರನ್ ಇಂಟು ಹಿಮ್’ ಕೂಡ ಹೀಗೆಯೇ. ಕೊನೆಯದರ ಅರ್ಥ ಡಿಕ್ಕಿ ಹೊಡೆಯುವುದೂ ಆಗಬಹುದು, ಅಚಾನಕ್ಕಾಗಿ ಸಿಗುವುದೂ ಆಗಬಹುದು. “ಸಂತೇಲಿ ಹಳೇ ಮೇಷ್ಟ್ರು ಸಿಕ್ಕಿದ್ರು” ಎನ್ನುವುದಕ್ಕೆ ‘ಐ ರ್‍ಯಾನ್ ಇಂಟು ಮೈ ಓಲ್ಡ್ ಟೀಚರ್ ಅಟ್ ದ ಮಾರ್ಕೆಟ್’ ಬಹಳ ಚೆನ್ನಾಗಿ ಒಪ್ಪುತ್ತದೆ.

ಯಾವುದು ಬಿಡಿಸಬಹುದಾದದ್ದು, ಯಾವುದು ಅಲ್ಲ ಎಂದು ಊಹಿಸುತ್ತಾ ಕೂರಬೇಕಿಲ್ಲ. ಕಲಿಯುವವರಿಗೆಂದೇ ಆಕ್ಸ್‌ಫರ್ಡ್, ಕೇಂಬ್ರಿಜ್ ಸಂಸ್ಥೆಗಳು ಮಾಡಿರುವ ನಿಘಂಟುಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಪಿಕ್, ಪುಟ್, ಲುಕ್ ಮುಂತಾದ ಮೂಲ ಕ್ರಿಯಾಪದವನ್ನು ತೆರೆದು ಕೊನೆಗೆ ಹೋಗಿ. ಪದಗುಚ್ಛದ ನಡುವೆ ‘ಸಮ್‌ಬಡಿ’ ಅಥವಾ ‘ಸಮ್‌ಥಿಂಗ್’ ಎಂದು ಬರೆದಿದ್ದರೆ ಅದು ಬಿಡಿಸಬಹುದಾದದ್ದು. ಆಕ್ಸ್‌ಫರ್ಡ್‌ನವರು ಎರಡೂ ಕಡೆ ಮುಖ ಮಾಡಿದ ಬಾಣದ ಗುರುತನ್ನೂ ಹಾಕಿರುತ್ತಾರೆ. ಕೊನೆಯಲ್ಲಿ ಬರೆದಿದ್ದರೆ ಕೊನೆಯಲ್ಲೇ ಇಡಿ.

ಮೂರನೆಯದು: ‘ಟು’ ಕಂಡಾಗ ಒಂದು ಕ್ಷಣ ತಡೆಯಿರಿ

ಕೆಲಸಕ್ಕೆ ಅರ್ಜಿ ಹಾಕುವವರ ಮೇಲ್‌ಗಳಲ್ಲಿ ಕೊನೆಯ ಸಾಲು ಬಹಳ ಸಲ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದಿರುತ್ತದೆ. ನಿಮ್ಮ ಉತ್ತರವನ್ನು ಎದುರುನೋಡುತ್ತಿದ್ದೇನೆ ಎಂಬುದು ಇದರ ಆಶಯ. ಅದು ‘ಹಿಯರಿಂಗ್ ಫ್ರಮ್ ಯು’ ಆಗಬೇಕು. ಕಾರಣ ಸರಳ. ‘ಟು’ ಆದ ಮೇಲೆ ಒಂದು ನಾಮಪದ ಇಟ್ಟು ನೋಡಿ: ‘ವಿ ಆರ್ ಲುಕಿಂಗ್ ಫಾರ್ವರ್ಡ್ ಟು ದಸರಾ’. ಸರಿಯಾಗಿ ಕೂತಿತಲ್ಲ? ನಾಮಪದ ಕೂರುವ ಜಾಗಕ್ಕೆ ಕ್ರಿಯಾಪದ ಬರಬೇಕಾದರೆ ಅದು ‘ಇಂಗ್’ ಹಚ್ಚಿಕೊಂಡೇ ಬರಬೇಕು.

ಇದೇ ಪರೀಕ್ಷೆಯಿಂದ ‘ಯೂಸ್ಡ್ ಟು’ ಗೊಂದಲವೂ ಬಿಡಿಸಿಕೊಳ್ಳುತ್ತದೆ. “ನಾನು ಮೊದಲು ಹುಬ್ಬಳ್ಳೀಲಿ ಇದ್ದೆ” ಎಂಬುದು ‘ಐ ಯೂಸ್ಡ್ ಟು ಲಿವ್ ಇನ್ ಹುಬ್ಬಳ್ಳಿ’. ಈಗ ಅಲ್ಲಿಲ್ಲ ಎಂಬ ಧ್ವನಿ ಅದರಲ್ಲೇ ಇದೆ. “ಕಲಬುರಗಿ ಬಿಸಿಲು ನನಗೆ ರೂಢಿಯಾಗಿದೆ” ಎಂಬುದು ‘ಐ ಆಮ್ ಯೂಸ್ಡ್ ಟು ದ ಹೀಟ್ ಇನ್ ಕಲಬುರಗಿ’. ಬಿಸಿಲಲ್ಲಿ ದುಡಿದು ರೂಢಿ ಎನ್ನಬೇಕಾದರೆ ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಇನ್ ದ ಹೀಟ್’. “ದಿನಾ ವಾಕಿಂಗ್ ಹೋಗ್ತೀನಿ” ಎಂಬುದಕ್ಕೆ ನಮ್ಮಲ್ಲಿ ಅನೇಕರು ‘ಐ ಯೂಸ್ಡ್ ಟು ಗೋ ಫಾರ್ ಎ ವಾಕ್ ಎವರಿ ಡೇ’ ಎನ್ನುತ್ತಾರೆ. ಕೇಳಿದವರು ಈಗ ವಾಕಿಂಗ್ ಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಈಗಲೂ ನಡೆಯುತ್ತಿರುವ ಅಭ್ಯಾಸಕ್ಕೆ ಬರೀ ‘ಐ ಗೋ’ ಸಾಕು.

ನಾಲ್ಕನೆಯದು: ಬಾಯಿಬಿಟ್ಟು ಹೇಳಿ

ಸಿನಿಮಾದಲ್ಲಿ, ಫೋನಿನಲ್ಲಿ ಇಂಗ್ಲಿಷ್ ಹಿಡಿತಕ್ಕೆ ಸಿಗದಿರುವುದಕ್ಕೆ ಪದ ಗೊತ್ತಿಲ್ಲದಿರುವುದಷ್ಟೇ ಕಾರಣವಲ್ಲ. ಮಾತು + ಇಲ್ಲ = ಮಾತಿಲ್ಲ ಎಂಬ ಸಂಧಿ ನಮಗೆ ಗೊತ್ತು. ಇಂಗ್ಲಿಷಿನವರೂ ಮಾತಾಡುವಾಗ ವ್ಯಂಜನವನ್ನು ಮುಂದಿನ ಸ್ವರಕ್ಕೆ ಕೂಡಿಸಿಯೇ ಹೇಳುತ್ತಾರೆ, ಬರೆಯುವಾಗ ಮಾತ್ರ ಬಿಡಿಸಿ ಬರೆಯುತ್ತಾರೆ. ‘ಪಿಕ್ ಇಟ್ ಅಪ್’ ಕಿವಿಗೆ ‘ಪಿಕಿಟಪ್’, ‘ಪುಟ್ ಇಟ್ ಆಫ್’ ‘ಪುಟಿಟಾಫ್’. ಯೂಸ್ಡ್ ಟು ಅಂತೂ ‘ಯೂಸ್ಟು’. ನೋಟ್‌ಬುಕ್ಕಿನಲ್ಲಿ ವಾಕ್ಯದ ಕೆಳಗೆ ಅದು ಕೇಳಿಸುವ ರೀತಿಯನ್ನೂ ಕನ್ನಡದಲ್ಲಿ ಬರೆದುಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಕನ್ನಡ ಲಿಪಿ ಈ ಕೆಲಸಕ್ಕೆ ಬಹಳ ಅನುಕೂಲವಾಗಿದೆ.

ಒತ್ತು, ಅಂದರೆ ಯಾವ ಭಾಗವನ್ನು ಬಲವಾಗಿ ಉಚ್ಚರಿಸುತ್ತೇವೆ ಎಂಬುದು ಕೂಡ ಮುಖ್ಯ. ಕ್ರಿಯೆಯಾಗಿ ‘ಪಿಕ್ ಅಪ್’ ಎನ್ನುವಾಗ ಒತ್ತು ‘ಅಪ್’ ಮೇಲೆ. ಸಾಮಾನು ಸಾಗಿಸುವ ಪಿಕಪ್ ಗಾಡಿ ಎನ್ನುವಾಗ ‘ಪಿಕ್’ ಮೇಲೆ. ಚೆಕಪ್, ಬ್ಯಾಕಪ್, ಟೇಕಾಫ್ ಎಲ್ಲ ಹೀಗೆಯೇ. ಈ ನಾಮಪದಗಳು ಆಗಲೇ ಕನ್ನಡಕ್ಕೆ ಬಂದು ನೆಲೆಸಿವೆ. ಒತ್ತನ್ನು ಕೊನೆಯ ಭಾಗಕ್ಕೆ ಸರಿಸಿದರೆ ಅವುಗಳ ಕ್ರಿಯಾರೂಪವೂ ನಿಮ್ಮದಾಗುತ್ತದೆ.

ಐದನೆಯದು: ಯಾರ ಎದುರು, ಯಾವ ಸಂದರ್ಭ

“ನೀರು ಕೊಡಿ” ಎಂಬುದರಲ್ಲಿ ಮರ್ಯಾದೆ ‘ಕೊಡಿ’ಯ ಕೊನೆಯ ಇಕಾರದಲ್ಲಿದೆ. ಅದನ್ನೇ ‘ಗಿವ್ ಮಿ ವಾಟರ್’ ಎಂದರೆ ಆ ಇಕಾರ ದಾರಿಯಲ್ಲಿ ಬಿದ್ದುಹೋಗಿ, ಒರಟಾಗಿ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಮರ್ಯಾದೆ ವಾಕ್ಯದ ಶುರುವಿನಲ್ಲಿ ಬರುತ್ತದೆ: ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಬಸ್ಸಿನಲ್ಲಿ “ಸ್ವಲ್ಪ ಅಡ್ಜಸ್ಟ್ ಮಾಡಿ” ಎನ್ನುತ್ತೇವಲ್ಲ, ಅದು ‘ಕುಡ್ ಯು ಮೂವ್ ಓವರ್ ಎ ಬಿಟ್?’ ‘ಪ್ಲೀಸ್ ಅಡ್ಜಸ್ಟ್’ ಎಂದರೆ ಲಂಡನ್ನಿನವರಿಗೆ ಏನನ್ನು ಸರಿಪಡಿಸಬೇಕೋ ತಿಳಿಯದು.

ಪರವಾಗಿಲ್ಲ ಎಂಬ ನಮ್ಮ ಅಪರೂಪದ ಮಾತಿಗೆ ಇಂಗ್ಲಿಷಿನಲ್ಲಿ ಒಂದೇ ಸಾಟಿ ಇಲ್ಲ. ಕಾಲು ತುಳಿದವರು ಸಾರಿ ಕೇಳಿದರೆ ‘ದಟ್ಸ್ ಆಲ್‌ರೈಟ್’. ಇನ್ನೊಂದು ಲೋಟ ಕಾಫಿ ಬೇಡವೆನ್ನಲು ‘ನೋ ಥ್ಯಾಂಕ್ಸ್, ಐ ಆಮ್ ಫೈನ್’. ಸಿನಿಮಾ ಹೇಗಿತ್ತು ಎಂದವರಿಗೆ ‘ನಾಟ್ ಬ್ಯಾಡ್’. ಆದ್ದರಿಂದಲೇ ನೋಟ್‌ಬುಕ್ಕಿನಲ್ಲಿ ಸಂದರ್ಭವನ್ನೂ ಎರಡು ಪದಗಳಲ್ಲಿ ಬರೆದಿಡಿ ಎನ್ನುವುದು.

ನಮ್ಮ ಕಚೇರಿಗಳಲ್ಲಿ ಚಲಾವಣೆಯಲ್ಲಿರುವ ‘ಡು ದ ನೀಡ್‌ಫುಲ್’, ‘ಔಟ್ ಆಫ್ ಸ್ಟೇಷನ್’, ‘ಪ್ರಿಪೋನ್’ ಇವನ್ನು ತಪ್ಪೆಂದು ಹೀಗಳೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದೇಶದೊಳಗೆ ಕೋಟ್ಯಂತರ ಜನರಿಗೆ ಅರ್ಥವಾಗುವ ಮಾತು ಅದು. ಆದರೆ ‘ಕೋಪ್ ಅಪ್ ವಿತ್’ ಎಂಬುದನ್ನು ಬಿಡುವುದು ಒಳ್ಳೆಯದು, ನಿಭಾಯಿಸುವುದು ಎನ್ನಲು ‘ಕೋಪ್ ವಿತ್’ ಸಾಕು.

ಹೊರದೇಶಕ್ಕೆ ಹೋಗುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು, ಅದರಲ್ಲೂ ಮಂಗಳೂರು, ಉಡುಪಿ ಕಡೆಯ ಕಾಲೇಜುಗಳಲ್ಲಿ ಓದಿ ಬ್ರಿಟನ್, ಐರ್ಲೆಂಡಿಗೆ ಹೊರಡುವ ನರ್ಸ್‌ಗಳು. ನಮ್ಮಲ್ಲಿ ‘ಪಾಸ್ಡ್ ಔಟ್’ ಅಂದರೆ ಕಾಲೇಜು ಮುಗಿಸಿದ್ದು, ಅಲ್ಲಿನ ವಾರ್ಡಿನಲ್ಲಿ ಅದು ರೋಗಿ ಪ್ರಜ್ಞೆ ತಪ್ಪಿದ್ದು. ‘ಪಾಸ್ಡ್ ಅವೇ’ ಅಂದರೆ ತೀರಿಕೊಂಡದ್ದು. ಈ ಎರಡನ್ನು ಅದಲುಬದಲು ಮಾಡಿದರೆ ಏನಾದೀತು ಎಂದು ವಿವರಿಸಬೇಕಿಲ್ಲ. ‘ಕೇಮ್ ರೌಂಡ್’ ಪ್ರಜ್ಞೆ ಮರಳಿದ್ದು, ‘ಥ್ರೂ ಅಪ್’ ವಾಂತಿಯಾದದ್ದು. ವೈದ್ಯಕೀಯ ಪುಸ್ತಕದ ‘ವಾಮಿಟ್’ ಗೊತ್ತಿದ್ದರಷ್ಟೇ ಸಾಲದು, ಹಾಸಿಗೆಯಲ್ಲಿರುವ ಅಜ್ಜಿ ಹೇಳುವುದು ‘ಐ ಥ್ರೂ ಅಪ್’ ಎಂದೇ ಇರಬಹುದು.

ಇನ್ನು ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ನಂಥ ಪಠ್ಯಪುಸ್ತಕದ ನುಡಿಗಟ್ಟುಗಳು. ಅವುಗಳಿಗೆ ಹೆಚ್ಚು ಸಮಯ ಕೊಡಬೇಡಿ. ಧೋ ಎಂದು ಮಳೆ ಸುರಿಯುವಾಗ ‘ಇಟ್ಸ್ ಪೋರಿಂಗ್’ ಎಂದರೆ ಸಾಕು.

ಈ ವಾರದ ಅಭ್ಯಾಸ

ಕೆಳಗಿನ ಮಾತುಗಳನ್ನು ಉತ್ತರ ನೋಡದೆ ಇಂಗ್ಲಿಷಿನಲ್ಲಿ ಹೇಳಿ ನೋಡಿ. ನಾಳೆಯ ಇಂಟರ್‌ವ್ಯೂ ಮುಂದಕ್ಕೆ ಹಾಕಿದ್ದಾರೆ. ಫ್ಯಾನ್ ಆಫ್ ಮಾಡೋದು ಮರೆತೆ, ನೀನೇ ಆಫ್ ಮಾಡು. ಚಿಕ್ಕವನಿದ್ದಾಗ ಕೆರೇಲಿ ಈಜ್ತಿದ್ದೆ. ಸಿಗರೇಟ್ ಬಿಟ್ಟು ಒಂದು ವರ್ಷ ಆಯ್ತು. ಅತ್ತೆ ಸೊಸೆ ಚೆನ್ನಾಗಿ ಹೊಂದಿಕೊಂಡಿದ್ದಾರೆ.

ಉತ್ತರಗಳು ಇದೇ ಕ್ರಮದಲ್ಲಿ: ‘ದೇ ಹ್ಯಾವ್ ಪುಟ್ ಆಫ್ ಟುಮಾರೋಸ್ ಇಂಟರ್‌ವ್ಯೂ’. ‘ಐ ಫರ್ಗಾಟ್ ಟು ಟರ್ನ್ ಆಫ್ ದ ಫ್ಯಾನ್, ಪ್ಲೀಸ್ ಟರ್ನ್ ಇಟ್ ಆಫ್’. ‘ಐ ಯೂಸ್ಡ್ ಟು ಸ್ವಿಮ್ ಇನ್ ದ ಲೇಕ್ ವೆನ್ ಐ ವಾಸ್ ಎ ಬಾಯ್’. ‘ಐ ಗೇವ್ ಅಪ್ ಸ್ಮೋಕಿಂಗ್ ಎ ಇಯರ್ ಅಗೋ’. ‘ದೇ ಗೆಟ್ ಅಲಾಂಗ್ ವೆರಿ ವೆಲ್’. ಎರಡನೆಯದರಲ್ಲಿ ಫ್ಯಾನ್ ಕೊನೆಯಲ್ಲಿದೆ, ‘ಇಟ್’ ಮಾತ್ರ ನಡುವೆ ಹೋಗಿದೆ. ನಿಮ್ಮ ಉತ್ತರದಲ್ಲೂ ಹಾಗೇ ಬಂದಿದೆಯೇ ನೋಡಿಕೊಳ್ಳಿ.