ರಿಮೋಟ್ ಕಾರು ಸರಿಯಾಗಿ ಓಡದಿದ್ದಾಗ
ಮಲ್ಪೆ ಅಥವಾ ಪಣಂಬೂರಿನ ಕಡಲತೀರದಲ್ಲಿ ಓಡಿಸಿ ತಂದ ರಿಮೋಟ್ ಕಾರು ಮರುದಿನ ಮುಂದಕ್ಕೆ ಚಲಿಸದಿದ್ದರೆ, ಮೋಟಾರು ಸುಟ್ಟಿದೆಯೆಂದು ತೀರ್ಮಾನಿಸುವ ಮೊದಲು ಕಾರು ಮತ್ತು ರಿಮೋಟ್ ಎರಡರ ಸೆಲ್‌ಗಳನ್ನೂ ಬದಲಿಸಿ ನೋಡಬೇಕು. ಹೊಸ ಪೆನ್ಸಿಲ್ ಸೆಲ್ ಸುಮಾರು 1.5 ವೋಲ್ಟ್ ಕೊಡುತ್ತದೆ. ಸೆಲ್ ಕುಗ್ಗಿದಾಗ ದೀಪವಷ್ಟೇ ಉರಿದು, ಚಕ್ರ ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಹೆಚ್ಚಿನ ತೊಂದರೆ ಉಪ್ಪುಗಾಳಿಯದು. ಸೆಲ್ ಕೂರುವ ಲೋಹದ ಪಟ್ಟಿಗಳಲ್ಲಿ ಹಸಿರು ಕಿಲುಬು ಕಂಡರೆ, ಸೆಲ್‌ಗಳನ್ನು ಹೊರತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ (ಬೇಗ ಆರುವ, ಶುಚಿಗೊಳಿಸುವ ದ್ರವ) ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಬಳಿಕವೇ ಮರಳಿ ಹಾಕಿ.

ಮೋಟಾರಿನ ಸದ್ದು ಕೇಳಿಸಿಯೂ ಚಕ್ರ ತಿರುಗದಿದ್ದರೆ ಗಿಯರ್ ಸಡಿಲಗೊಂಡಿರಬಹುದು ಇಲ್ಲವೇ ಅದರ ಹಲ್ಲು ಸವೆದಿರಬಹುದು. ಚಕ್ರ ಬಿಗಿಯಾಗಿದ್ದರೆ ಅಚ್ಚಿಗೆ ಸುತ್ತಿಕೊಂಡ ಕೂದಲು, ತೆಂಗಿನ ನಾರುಗಳನ್ನು ಚಿಮಟದಿಂದ ಬಿಡಿಸಿ, ಮರಳನ್ನು ಒಣ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿ. ತಿರುಗದ ಯಂತ್ರಕ್ಕೆಲ್ಲ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಇಲ್ಲಿ ಅದು ಬೇಡ, ಏಕೆಂದರೆ ಎಣ್ಣೆಗೆ ಅಂಟಿದ ಮರಳು ಗಿಯರಿನ ಹಲ್ಲುಗಳನ್ನು ಅರೆದುಬಿಡುತ್ತದೆ.

ಕಾರು ಒಂದೇ ಬದಿಗೆ ಎಳೆಯುತ್ತಿದ್ದರೆ, ಮುಂಚಕ್ರಗಳ ನಡುವೆ ಕೆಳಭಾಗದಲ್ಲಿ ಅಥವಾ ರಿಮೋಟಿನ ಮೇಲೆ ಇರುವ, ಮುಂಚಕ್ರಗಳ ದಿಕ್ಕನ್ನು ನೇರಗೊಳಿಸುವ ಟ್ರಿಮ್ ಗುಂಡಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಸಮತಟ್ಟಾದ ನೆಲದ ಮೇಲೆ ಓಡಿಸಿ ಪರೀಕ್ಷಿಸಿ.