ಸಾಕವ್ವ ಚೀನಾಕ್ಕೆ ಹೋದದ್ದು

"ಚೀನಾ ನೋಡಿಲ್ಲ, ಭಾಷೆ ಬರಲ್ಲ, ನಿನಗ್ಯಾಕಪ್ಪಾ ಇದು?" ಎಂದು ಕೇಳದ ಗೆಳೆಯರಿಲ್ಲ. ಚೀನಾದಲ್ಲಿ ನಡೆಯುವ ನನ್ನ ಕಾದಂಬರಿ ಹೋದ ವರ್ಷ ಬಂತು. 500 ಪ್ರತಿಯಲ್ಲಿ 420ರಷ್ಟು ಖಾಲಿ. ಹಾಗೆ ಕೇಳಿದವರಲ್ಲೇ ಮೂವರು ಈಗ 'ಹೇಗೆ ಬರೆದೆ?' ಅಂತ ಫೋನ್ ಮಾಡುತ್ತಾರೆ.

ಹುನಾನ್ ಪ್ರಾಂತ್ಯದ ಪುಟ್ಟ ಪೇಟೆ, 1986. ಗಂಡ ಚಪ್ಪಲಿ ಹೊಲಿಯುತ್ತಾನೆ, ಹೆಂಡತಿ ಗುಜರಿ ಆಯುತ್ತಾಳೆ. ಒಬ್ಬ ಮಗ. ಬಸ್ ನಿಲ್ದಾಣದಲ್ಲಿ, ಸೇತುವೆ ಕೆಳಗೆ ಯಾರೋ ಬಿಟ್ಟುಹೋದ ನಾಲ್ಕು ಹೆಣ್ಣುಕೂಸುಗಳನ್ನು ಒಂದೊಂದಾಗಿ ತಂದು ಸಾಕುತ್ತಾರೆ. ಕಥೆ ಇಷ್ಟೇ.

ಮೊದಲ ಕರಡು 240 ಪುಟ, ಬರೀ ಅಳು. ಆ ಹೆಂಡತಿ ಬಾಯಿಗೆ ಧಾರವಾಡದ ಮಾತು ಹಾಕಿದ್ದೆ. ಹುನಾನ್ ಹೋಗಿ ಹುಬ್ಬಳ್ಳಿ ಆಯಿತು. ಆಗ ಚೀನಾ ಸರ್ಕಾರದ ನಿಯಮದಂತೆ ಎಲ್ಲರಿಗೂ ಒಂದೇ ಮಗು ಅಂತ ನಂಬಿಕೊಂಡು ಬರೆದದ್ದು ಇನ್ನೂ ದೊಡ್ಡ ತಪ್ಪು. 1984ರ ನಂತರ ಎಷ್ಟೋ ಹಳ್ಳಿಗಳಲ್ಲಿ ಮೊದಲನೆಯದು ಹೆಣ್ಣಾದರೆ ಎರಡನೆಯದಕ್ಕೆ ಅವಕಾಶ ಇತ್ತು. ಅಂದರೆ ಬೀದಿಗೆ ಬೀಳುತ್ತಿದ್ದವಳು ಹೆಚ್ಚಾಗಿ ಎರಡನೇ ಹುಡುಗಿ. ಅವಳ ಅಕ್ಕ ಅದೇ ಮನೆಯಲ್ಲಿ ಉಂಡು ಬೆಳೆಯುತ್ತಿರುತ್ತಾಳೆ. ಇದು ಗೊತ್ತಾದ ದಿನ ಅರ್ಧ ಕಾದಂಬರಿ ಹರಿದು ಹಾಕಿದೆ.

ಆಮೇಲೆ ಕಿರಾಣಿ ಅಂಗಡಿಯವರು ಬರೆಯುವಂಥ ಲೆಕ್ಕದ ಪುಸ್ತಕ ತಂದೆ. ಆ ಮನೆಯ ದಿನದ ಲೆಕ್ಕ ಬರೆಯತೊಡಗಿದೆ. ಆಗ ಪೇಟೆಯವರಿಗೆ ಅಕ್ಕಿ ಸಿಗುತ್ತಿದ್ದದ್ದು ಸರ್ಕಾರದ ಕೂಪನ್ ಮೇಲೆ. ಅಳತೆ ಜಿನ್, ಅಂದರೆ ಅರ್ಧ ಕಿಲೋ. ನೋಂದಣಿ ಆಗದ ಮಗುವಿಗೆ ಕೂಪನ್ ಇಲ್ಲ. 'ಕಪ್ಪು ಮಕ್ಕಳು' ಅಂತಲೇ ಅವರನ್ನು ಕರೆಯುತ್ತಿದ್ದರು. ಕೂಪನ್ ಮೂವರದು, ಉಣ್ಣುವವರು ಏಳು. ಕರಡಿನಲ್ಲಿ ದಿನಾ ಡಬ್ಬಿ ಹಾಲು ಕುಡಿಸಿಬಿಟ್ಟಿದ್ದೆ! ಹಾಲು ಹೋಗಿ ಗಂಜಿತಿಳಿ ಬಂತು, ಗೆಣಸು ಬಂತು. ಪಾತ್ರಗಳಿಗೆ ಅಳೋಕೆ ಪುರುಸೊತ್ತೇ ಇಲ್ಲದಂತಾಯಿತು.

1992ರಲ್ಲಿ ದತ್ತು ಕಾನೂನು ಜಾರಿಗೆ ಬಂತು. ದಾರಿ ಸಿಕ್ಕಿತು ಅಂತ ಖುಷಿಪಟ್ಟೆ. ನೋಡಿದರೆ ಆಗ ದತ್ತು ಪಡೆಯುವವರಿಗೆ ಸ್ವಂತ ಮಕ್ಕಳಿರಬಾರದಿತ್ತು, ವಯಸ್ಸು 35 ಆಗಿರಬೇಕಿತ್ತು. ಇವರಿಗೆ ಮಗನಿದ್ದಾನಲ್ಲ! ಕಚೇರಿ ಬಾಗಿಲಿಂದ ವಾಪಸ್ ಬರುವ ಆ ಅಧ್ಯಾಯ ಎರಡೇ ರಾತ್ರಿಯಲ್ಲಿ ಮುಗಿಯಿತು. ಚೆನ್ನಾಗಿದೆ, ನಾನೇ ಹೇಳ್ತೀನಿ.

ನಡುವೆ, ಕೂಸು ಹೊತ್ತು ಕೆಲಸ ಮಾಡೋದು ಹೇಗಿರುತ್ತೆ ನೋಡೋಣ ಅಂತ, 6 ಕಿಲೋ ಅಕ್ಕಿ ಮೂಟೆಯನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಇಡೀ ದಿನ ಓಡಾಡಿದೆ. "ಅಕ್ಕಿಗೆ ಹಸಿವಾಗಲ್ಲ ಬಿಡಿ" ಅಂದಳು ನನ್ನ ಹೆಂಡತಿ. ಆ ಮಾತು ಹಾಗೇ 4ನೇ ಅಧ್ಯಾಯಕ್ಕೆ ಹೋಯಿತು.

ಹೆಸರಿಗೆ ಜಾಸ್ತಿ ಒದ್ದಾಡಿದೆ. ಹೆತ್ತವರ ಮನೆಯಲ್ಲೇ ಉಳಿದ ಅಕ್ಕನ ಹೆಸರು ಲಾಯ್ದಿ, 'ತಮ್ಮ ಬರಲಿ' ಅಂತ. ಬಂದದ್ದು ತಂಗಿ. ನಮ್ಮಲ್ಲಿ ಹೆಣ್ಣು ಸಾಕು ಅಂತ ಸಾಕವ್ವ ಎಂದಿಡುತ್ತಾರಲ್ಲ, ಅದು ನೆನಪಾಯಿತು. ಹೆತ್ತವಳು "ಸಾಕು" ಅನ್ನುತ್ತಾಳೆ, ಎತ್ತಿಕೊಂಡವಳು "ಸಾಕ್ತೀನಿ" ಅನ್ನುತ್ತಾಳೆ. ಇದು ಕನ್ನಡಕ್ಕೆ ಮಾತ್ರ ಒದಗುವ ಮಾತು. ಇಸವಿ ಹೇಳದೆ ವರ್ಷ ದಾಟಿಸಿದ್ದು ಹೇಗೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪ್ರಕಾಶಕರೊಬ್ಬರು 8 ತಿಂಗಳು ಇಟ್ಟುಕೊಂಡು ವಾಪಸ್ ಕೊಟ್ಟರು. ನಾನೇ ಅಚ್ಚು ಹಾಕಿಸಿದೆ. ಹೋದದ್ದು 65 ಸಾವಿರ, ಬಂದದ್ದು 50ರ ಹತ್ತಿರ.

ಫೋನ್ ಮಾಡಿದ ಮೂವರೂ ಕೇಳುವುದು ಆ ಲೆಕ್ಕದ ಪುಸ್ತಕವನ್ನೇ. ಕೊಡಲ್ಲ. ಅದರಲ್ಲಿ ಇನ್ನೂ ನಲವತ್ತು ಹಾಳೆ ಖಾಲಿ ಇವೆ.